ಕುಂಕುಮ ಹಚ್ಚಿದ ಮರಿಗಳು

ನಮ್ಮ ಕರಿ ಹೇಂಟೆ ಒಂಬತ್ತು ತತ್ತಿಗಳ ಮೇಲೆ ಕಾವಿಗೆ ಕೂತಾಗ ನನಗೆ ಎಂಟು ತಿಂಗಳು ತುಂಬಿತ್ತು. ಮನೆಯಲ್ಲಿ ಹುಂಜ ಇರಲಿಲ್ಲ. ಆ ತತ್ತಿಗಳನ್ನು ಪಕ್ಕದ ಮನೆಯ ಮುದುಕಿ ತನ್ನ ಕೋಳಿಗಳದ್ದೇ ಆರಿಸಿ ತಂದುಕೊಟ್ಟಿದ್ದಳು. ಆಕೆ ಗೋವೆಯವಳೇ, ಕ್ರಿಶ್ಚಿಯನ್. ಓಣಿಯವರೆಲ್ಲ ಆಕೆಯನ್ನು ಮಾಯ್ ಎನ್ನುತ್ತೇವೆ, ಅವರ ಭಾಷೆಯಲ್ಲಿ ತಾಯಿ ಎಂದು. ಆಕೆ ನನ್ನನ್ನು ಬಾಯ್ ಎನ್ನುತ್ತಾಳೆ, ಮಗಳೇ ಎನ್ನುವಂತೆ. ಇಲ್ಲಿ ವಾಸ್ಕೋ ಬಂದರಿನ ಮೇಲಿನ ಸಡಾ ಗುಡ್ಡದಲ್ಲಿ, ಕೂಲಿಗೆಂದು ಬಂದ ನಮ್ಮ ಕಡೆಯ ಜನರ ನಡುವೆಯೇ ಮೂವತ್ತು ವರ್ಷ ಕಳೆದು, ಕನ್ನಡವನ್ನು ತನಗೆ ಬೇಕಾದಂತೆ ಜೋಡಿಸಿಕೊಂಡು ಮಾತಾಡುತ್ತಾಳೆ.

ತತ್ತಿ ಕೊಡುವಾಗ ನನ್ನ ಹೊಟ್ಟೆ ನೋಡಿ, "ಬಾಯ್, ನಿಂದು ಒಂದು, ಕೋಳೀದು ಒಂಬತ್ತು. ಯಾರ್ದು ಮೊದಲು ಬರ್ತದೆ ನೋಡುವಾ," ಅಂದಳು.

"ಕೋಳೀಗೆ ಇಪ್ಪತ್ತೊಂದು ದಿನ ಸಾಕ್ರಿ ಮಾಯ್. ನನಗ ಇನ್ನೂ ತಿಂಗಳ ಐತಿ."

"ಹಾಂಗಾದ್ರೆ ಕೋಳಿ ಗೆಲ್ತದೆ. ನೀನು ಸೋತ್ರೆ ನಂಗೆ ಹೋಳಿಗೆ."

ನಾನು ನಕ್ಕೆ. ಮದುವೆಯಾಗಿ ಹದಿಮೂರು ವರ್ಷಕ್ಕೆ ಮೊದಲ ಸಲ ಬಸಿರು ನಿಂತಿತ್ತು. ಆಗ ನಗು ಬರಲು ಕಾರಣವೇ ಬೇಕಿರಲಿಲ್ಲ.

ನಮ್ಮದು ಒಂದು ಕೋಣೆ, ಅದರ ಹಿಂದೆ ಒಲೆಯಿಡುವಷ್ಟು ಜಾಗ. ತಗಡಿನ ಮಾಡು. ಬಾಗಿಲಲ್ಲಿ ನಿಂತರೆ ಕೆಳಗೆ ಬಂದರು, ಹಡಗು, ಕ್ರೇನು. ಬೆಳಿಗ್ಗೆ ಒರೆಸಿದ ಕಟ್ಟೆಯ ಮೇಲೆ ಸಂಜೆಗೆ ಕಲ್ಲಿದ್ದಲಿನ ಕಪ್ಪು ಪುಡಿ ಕೂತಿರುತ್ತದೆ, ಮತ್ತೆ ಒರೆಸುವುದು. ಮನೆಯವರಿಗೆ ಬಂದರಿನಲ್ಲಿಯೇ ಕೂಲಿ ಕೆಲಸ. ಕೋಣೆಯಲ್ಲಿ ಮಂಚ, ಮಂಚದ ಕೆಳಗೆ ಒಂದು ಬಿದಿರು ಬುಟ್ಟಿ, ಅದರಲ್ಲಿ ಹುಲ್ಲು ಹಾಸಿ ಕೋಳಿಗೆ ಜಾಗ. ರಾತ್ರಿ ನಾನು ಮಗ್ಗುಲು ಬದಲಿಸಿದರೆ ಮಂಚ ಕಿರಗುಟ್ಟುತ್ತಿತ್ತು, ಕೆಳಗಿನಿಂದ ಕೋಳಿ ಒಮ್ಮೆ ಗೊಣಗುತ್ತಿತ್ತು. ಹೀಗೆ ಇಬ್ಬರೂ ಒಂದೇ ಕೋಣೆಯಲ್ಲಿ ದಿನ ಎಣಿಸುತ್ತಿದ್ದೆವು.

ಎಣಿಸುವುದು ನನಗೆ ಮೊದಲಿನಿಂದಲೂ ರೂಢಿ. ಸಂಜೆ ದೇವರಿಗೆ ದೀಪ ಹಚ್ಚಿ, ಅಂದು ದೇವರು ಮಾಡಿದ ಉಪಕಾರಗಳನ್ನು ಬೆರಳ ಗಣ್ಣಿನ ಮೇಲೆ ಎಣಿಸಬೇಕು, ಎಷ್ಟು ಸಣ್ಣವಾದರೂ ಸರಿ. ನನ್ನ ಅವ್ವ ಕಲಿಸಿದ್ದು. ನಳದಲ್ಲಿ ನೀರು ಬಂತು, ಒಂದು. ಮನೆಯವರು ಕೈಕಾಲು ನೆಟ್ಟಗಿದ್ದು ತಿರುಗಿ ಬಂದರು, ಎರಡು. ಅವ್ವ ತೀರಿಕೊಂಡು ಬಹಳ ವರ್ಷವಾಯಿತು. ಅದಕ್ಕೇ ನನ್ನ ಹೆರಿಗೆಗೆ ತವರಿಗೆ ಹೋಗುವ ಮಾತಿರಲಿಲ್ಲ. ವಿಜಯಪುರದ ಕಡೆಯ ಊರಿನಿಂದ ಅತ್ತೆಯೇ ಬಂದರು, ಒಂದು ತಗಡಿನ ಟ್ರಂಕು ಹಿಡಿದುಕೊಂಡು. ಟ್ರಂಕಿನಲ್ಲಿ ಬಾಣಂತಿಗೆ ಬೇಕಾದ ತಿನ್ನುವ ಅಂಟು, ಅಳವಿ ಬೀಜ, ಒಣಕೊಬ್ಬರಿ. ಜೊತೆಗೆ ಊರ ದೇವಿಯ ಗುಡಿಯ ಕುಂಕುಮದ ಪೊಟ್ಟಣ. ಐದನೆಯ ದಿನಕ್ಕೆ ಎಂದು ತಂದದ್ದು. ಹುಟ್ಟಿದ ಐದನೆಯ ದಿನ ಸಟವಿತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂದು ನಮ್ಮಲ್ಲಿ ನಂಬಿಕೆ. ಅಂದು ಪೂಜೆ ಮಾಡಿ ಕೂಸಿನ ಹಣೆಗೆ ಕುಂಕುಮ ಇಡುತ್ತೇವೆ.

ಕೋಳಿ ಕೂತ ಹದಿನೇಳನೆಯ ದಿನ ಬೆಳಿಗ್ಗೆ ಅದು ಎಂದಿನಂತೆ ಬುಟ್ಟಿಯಿಂದ ಎದ್ದು ಹೊರಗೆ ಹೋಯಿತು. ಕಾವಿನ ಕೋಳಿ ದಿನಕ್ಕೆ ಒಮ್ಮೆ ಮಾತ್ರ ಏಳುತ್ತದೆ. ನಾಲ್ಕು ಕಾಳು, ಎರಡು ಗುಟುಕು ನೀರು, ಮಣ್ಣಿನಲ್ಲಿ ಒಂದು ಸಲ ಹೊರಳಾಟ, ಮತ್ತೆ ಓಡಿ ಬಂದು ಕೂತುಬಿಡುತ್ತದೆ. ಅಂದು ಅದು ಹೊರಗಿದ್ದ ಹೊತ್ತಿನಲ್ಲಿ ನಾನು ಚಹಾದ ಬಟ್ಟಲು ಕೆಳಗಿಟ್ಟು ಹೊಟ್ಟೆಯ ಮೇಲೆ ಕೈ ಇಟ್ಟೆ. ನಿನ್ನೆಯಿಂದ ಕೂಸು ಅಲುಗಿಲ್ಲ ಎಂಬುದು ಆಗ ಹೊಳೆಯಿತು.

ಅತ್ತೆಗೆ ಹೇಳಿದೆ. ಅವರು ಹೊಟ್ಟೆಗೆ ಕಿವಿ ಹಚ್ಚಿ ಕೇಳಿ, ಎದ್ದು ಸೆರಗು ಸಿಕ್ಕಿಸಿಕೊಂಡರು. ಮನೆಯವರು ರಿಕ್ಷಾ ತಂದರು. ಮೂವರೂ ಹೊರಟೆವು. ಹೊರಡುವ ಗಡಿಬಿಡಿಯಲ್ಲಿ ಮನೆಯವರು ಬಾಗಿಲು ಎಳೆದು ಕೀಲಿ ಹಾಕಿದರು. ಕೋಳಿ ಹೊರಗೇ ಉಳಿಯಿತು. ತತ್ತಿಗಳು ಒಳಗೆ.

ದವಾಖಾನೆಯದ್ದು ಹೆಚ್ಚು ಬರೆಯಲಾರೆ. ಕೂಸಿನ ಜೀವ ನಿಂತು ಒಂದು ದಿನವಾಗಿತ್ತು ಎಂದರು. ಆದರೂ ಹೆರಲೇಬೇಕಲ್ಲ, ಹೆತ್ತೆ. ಹೆಣ್ಣು. ಅತ್ತೆ ಅಂಗೈಯಿಂದ ನನ್ನ ಕಣ್ಣು ಮುಚ್ಚಿ, "ನೋಡಬ್ಯಾಡ ಯವ್ವಾ, ನೋಡಿದ್ರ ಕಣ್ಣಾಗ ಕೂತಬಿಡತೈತಿ," ಅಂದರು. ನಾನೂ ಗೋಡೆಯ ಕಡೆ ತಿರುಗಿದೆ. ಆ ತಿರುಗುವಿಕೆಯನ್ನು ಇಂದಿಗೂ ನನಗೆ ನಾನು ಕ್ಷಮಿಸಿಲ್ಲ. ಮನೆಯವರು ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಒಬ್ಬರೇ ಹೋದರು. ತಿರುಗಿ ಬಂದಾಗ ಅವರ ಪಾದಕ್ಕೆ ಕೆಂಪು ಮಣ್ಣು ಮೆತ್ತಿತ್ತು. ಎಲ್ಲಿ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಆ ದಿನವೂ ಎಣಿಸಿದೆ, ಸುಳ್ಳು ಹೇಳಬಾರದು. ನಾನು ಉಳಿದೆ, ಒಂದು. ನರ್ಸಬಾಯಿ ಯಾರೂ ಹೇಳದೆಯೇ ನನ್ನ ಮಂಚವನ್ನು ಕೂಸುಗಳ ಅಳು ಕೇಳಿಸದ ಮೂಲೆಗೆ ತಳ್ಳಿಸಿದಳು, ಎರಡು. ಮೂರನೆಯದು ಸಿಗಲಿಲ್ಲ.

ಮೂರನೆಯ ದಿನ ಮನೆಗೆ ಬಂದೆವು. ಹೊಸ್ತಿಲ ಮುಂದೆ ಕೋಳಿ ನಿಂತಿತ್ತು. ಕಟ್ಟೆಯ ಕಪ್ಪು ಪುಡಿಯ ಮೇಲೆಲ್ಲ ಅದರ ಹೆಜ್ಜೆ, ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಮಾಯ್ ತನ್ನ ಬಾಗಿಲಿನಿಂದ ಬಂದಳು. ನನ್ನ ಬರಿಗೈ ನೋಡಿದಳು. ಎದೆಗೆ ಶಿಲುಬೆಯ ಗುರುತು ಮಾಡಿಕೊಂಡಳು. ಬೇರೆ ಏನಾದರೂ ಹೇಳಬೇಕಲ್ಲ ಎಂದು, "ಅನ್ನ ಹಾಕಿದೆ, ತಿನ್ಲಿಲ್ಲ. ಕತ್ತಲೆ ಆದ್ರೆ ನನ್ನ ಗೂಡಿಗೆ ಹಾಕ್ತಿದ್ದೆ, ಬೆಳಿಗ್ಗೆ ಮತ್ತೆ ಇಲ್ಲಿ. ಬಾಗಿಲು ಕುಕ್ಕೂದು, ಕೂಗೂದು," ಅಂದಳು.

ಮನೆಯವರು ಕೀಲಿ ತೆಗೆದರು. ನನ್ನ ಕಾಲ ನಡುವಿನಿಂದ ನುಗ್ಗಿ ಕೋಳಿ ನನಗಿಂತ ಮೊದಲು ಒಳಗೆ ಹೋಯಿತು. ಮಂಚದ ಕೆಳಗೆ ತೂರಿ, ತಣ್ಣಗಾದ ತತ್ತಿಗಳನ್ನು ಕೊಕ್ಕಿನಿಂದ ಒಂದೊಂದಾಗಿ ಎಳೆದುಕೊಂಡು, ರೆಕ್ಕೆ ಹರವಿ ಕೂತಿತು. ನಾನು ಅದರ ಮೇಲಿನ ಮಂಚದಲ್ಲಿ ಮಲಗಿದೆ.

ಅತ್ತೆ ನನಗೆ ಬಾಣಂತನ ಮಾಡಿದರು. ನನಗೆ ಅದು ಬೇಡವಾಗಿತ್ತು. "ಯಾರ ಸಲುವಾಗಿ ಅತ್ತಿ ಇದೆಲ್ಲಾ? ಕೂಸ ಇಲ್ಲ ಏನಿಲ್ಲ," ಅಂದೆ.

"ಕೂಸ ಇಲ್ಲಂದ್ರ ಹೊಟ್ಟಿ ಹಸೀ ಇಲ್ಲೇನ? ನೀ ಬಾಣಂತಿನ. ಬಾಯಿ ಮುಚ್ಚಿ ಅಳವಿ ಪಾಯಸ ಕುಡಿ."

ಎಣ್ಣೆ ಹಚ್ಚಿ ಎರೆದರು. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ. ಮಂಚದ ಬದಿಗೆ ಕೆಂಡದ ಅಗ್ಗಿಷ್ಟಿಕೆ. ನಾಲ್ಕನೆಯ ದಿನ ಎದೆಗೆ ಹಾಲು ಬಂತು. ಕುಡಿಯುವವರು ಇಲ್ಲ ಎಂಬುದು ಎದೆಗೆ ಹೇಗೆ ಗೊತ್ತಾಗಬೇಕು. ರವಿಕೆ ತೊಯ್ದು, ಜ್ವರ ಏರಿ, ಕಲ್ಲಿನಂತೆ ಗಟ್ಟಿಯಾದಾಗ ಅತ್ತೆ ಮಾರ್ಕೆಟ್ಟಿನಿಂದ ಎರಡು ಮೊಳ ಮಲ್ಲಿಗೆ ತರಿಸಿ, ಬಿಡಿಸಿ, ಎದೆಯ ಮೇಲೆ ಹರಡಿ ಹಳೆಯ ಸೀರೆಯ ತುಂಡಿನಿಂದ ಬಿಗಿದು ಕಟ್ಟಿದರು. ಹಾಲು ಬತ್ತಿಸಲು ನಮ್ಮಲ್ಲಿ ಹೀಗೇ ಮಾಡುತ್ತಾರೆ. ಮೂರು ದಿನ ಕಟ್ಟಿದರು. ಇಂದಿಗೂ ನಾನು ದೇವರಿಗೆ ಮಲ್ಲಿಗೆ ಏರಿಸುವುದಿಲ್ಲ, ದಾಸವಾಳ ಇಡುತ್ತೇನೆ. ದೇವಿಗೆ ಕಾರಣ ಗೊತ್ತಿದೆ.

ಐದನೆಯ ದಿನ ಬಂತು, ಹೋಯಿತು. ಕುಂಕುಮದ ಪೊಟ್ಟಣ ಟ್ರಂಕಿನಲ್ಲಿಯೇ ಉಳಿಯಿತು.

ಹೀಗೆ ಒಂದು ತಿಂಗಳು ಕಳೆಯಿತು. ಕೋಳಿ ಏಳಲಿಲ್ಲ. ಮೊದಮೊದಲು ದಿನಕ್ಕೊಮ್ಮೆ ಹೊರಗೆ ಹೋಗಿ ಬರುತ್ತಿದ್ದದ್ದು ಆಮೇಲೆ ಎರಡು ದಿನಕ್ಕೊಮ್ಮೆ ಆಯಿತು, ಕೊನೆಗೆ ನಾನು ಮುಂದೆ ಇಟ್ಟ ಜೋಳವನ್ನೂ ಮುಟ್ಟದಾಯಿತು. ತಲೆಯ ಮೇಲಿನ ಕೆಂಪು ಜುಟ್ಟು ಬಿಳಿಚಿ ಒಂದು ಬದಿಗೆ ಬಾಗಿತು. ಎತ್ತಿದರೆ ಕೈಗೆ ಗರಿಯ ತೂಕವಷ್ಟೇ. ಒಂದು ಮಧ್ಯಾಹ್ನ ಬುಟ್ಟಿಯಲ್ಲಿ ಒಂದು ತತ್ತಿ ಟಪ್ ಎಂದು ಒಡೆದು ಕೋಣೆಯೆಲ್ಲ ನಾತ ಹಿಡಿಯಿತು.

ಅತ್ತೆ ಮೂಗಿಗೆ ಸೆರಗು ಹಿಡಿದು, "ಸಾಕ ಮಾಡವಾ ಇದನ್ನ. ಮಂಚದ ಕೆಳಗ ಹೆಣಾ ಇಟ್ಕೊಂಡು ಮಲಗೀಯೇನ?" ಅಂದವರು ತಟ್ಟನೆ ನಾಲಿಗೆ ಕಚ್ಚಿಕೊಂಡರು.

ಅಂದು ಸಂಜೆ ಮನೆಯವರು ಬಗ್ಗಿ ಮಂಚದ ಕೆಳಗೆ ನೋಡಿ, "ಇನ್ನೆರಡ ದಿನ ಬಿಟ್ರ ಸಾರಿಗೂ ಬರೂದಿಲ್ಲ ಇದು," ಅಂದರು. ನಗಿಸಲೆಂದೇ ಅಂದದ್ದು, ನನಗೆ ಗೊತ್ತು. ಆದರೆ ನಾನು ತಿಂಗಳಿನಿಂದ ತಡೆದಿದ್ದ ಅಳುವನ್ನೆಲ್ಲ ಆ ಮಾತಿನ ಮೇಲೆ ಸುರಿದೆ.

"ಅದ ಏಳಬೇಕ್ರಿ. ಎದ್ದು ಕಾಳ ತಿನಬೇಕು. ನನಗ ಬ್ಯಾರೆ ಏನೂ ಬ್ಯಾಡ. ಬಾಗಲಾ ಹಾಕಿದವ್ರು ನಾವು. ಅದು ಸತ್ರ ನಾ ತಡಕೊಳ್ಳೂದಿಲ್ಲ."

ಮನೆಯವರು ಎದ್ದು ಹೋಗಿ ಮಾಯ್‌ಳನ್ನು ಕರೆದುಕೊಂಡು ಬಂದರು.

ಮಾಯ್ ಕೋಳಿಯ ಎದೆಯ ಕೆಳಗೆ ಕೈ ಹಾಕಿ ಒಂದು ತತ್ತಿ ತೆಗೆದು ಕಿವಿಯ ಹತ್ತಿರ ಅಲುಗಿಸಿದಳು. ಒಳಗೆ ನೀರು ಕುಲುಕಿದ ಸದ್ದು. ಮತ್ತೆ ಅಲ್ಲಿಯೇ ಇಟ್ಟಳು. "ಇವು ಹೋದವು, ಬಾಯ್. ಸುಮ್ನೆ ತೆಗೆದು ಹಾಕಿದ್ರೆ ಖಾಲಿ ಬುಟ್ಟೀಲಿ ಕೂತು ಸಾಯ್ತದೆ. ಇದಕ್ಕೆ ಮರಿ ಕೊಡಬೇಕು."

"ಬ್ಯಾರೇದರ ಮರಿ ಇದು ತಗೋತೈತೇನ್ರಿ?"

"ತಗೊಳ್ತದೆ. ಸಣ್ಣ ಮರಿ ಬೇಕು, ಹುಟ್ಟಿ ಒಂದು ದಿನ, ಎರಡು ದಿನ. ದೀಪ ಹಚ್ಚೂ ಹೊತ್ತಿಗೆ, ಕಣ್ಣು ಕಾಣದ ಹಾಂಗೆ, ಹಿಂದಿಂದ ಕೈ ಹಾಕಿ ಒಂದು ತತ್ತಿ ತೆಗೀ, ಒಂದು ಮರಿ ಇಡು. ಬೆಳಕಲ್ಲಿ ಕೊಡಬೇಡ. ಕೇಳ್ತದಾ? ಬೆಳಕಲ್ಲಿ ಬೇಡ."

ಕೇಳಿತ್ತು. ಚೆನ್ನಾಗಿಯೇ ಕೇಳಿತ್ತು.

ಮನೆಯವರು ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೋಗದೆ ವಾಸ್ಕೋ ಪೇಟೆಗೆ ಹೋಗಿ ರಟ್ಟಿನ ಪೆಟ್ಟಿಗೆಯಲ್ಲಿ ಐದು ಮರಿ ತಂದರು. ಬುಟ್ಟಿಯಲ್ಲಿಟ್ಟು ಮಾರುವವನ ಬಳಿ ಗುಲಾಬಿ, ಹಸಿರು ಬಣ್ಣ ಬಳಿದ ಮರಿಗಳೇ ಹೆಚ್ಚಿದ್ದವಂತೆ. "ಬಣ್ಣ ಹಚ್ಚಿದ್ದು ಬ್ಯಾಡಂತ ಹೇಳಿ ಹುಡಿಕಿ ತಂದೇನಿ. ನಮ್ಮ ಕೋಳಿ ಹಸರ ಮರಿ ನೋಡಿ ಗಾಬರಿಯಾಗಿ ಊರ ಬಿಟ್ಟ ಹೋದೀತು," ಅಂದರು. ತಿಂಗಳ ಮೇಲೆ ಅತ್ತೆ ಅಂದು ಮೊದಲ ಸಲ ನಕ್ಕರು. ನಾನು ಅದನ್ನು ಗಣ್ಣಿನ ಮೇಲೆ ಎಣಿಸಿಯೂ ಬಿಟ್ಟೆ. ಮರಿಗಳನ್ನು ಇಳಿಸಿ ಅವರು ಅರ್ಧ ದಿನದ ಕೆಲಸಕ್ಕೆ ಹೋದರು.

ಸಂಜೆಯವರೆಗೆ ಕಾಯಬೇಕಿತ್ತು. ಪೆಟ್ಟಿಗೆಯನ್ನು ಅಗ್ಗಿಷ್ಟಿಕೆಯ ಹತ್ತಿರ ಇಟ್ಟೆ. ಮರಿಗಳು ಚಿಂವ್ ಚಿಂವ್ ಎನ್ನತೊಡಗಿದವು. ಮಂಚದ ಕೆಳಗಿನಿಂದ ಕೋಳಿ ಉತ್ತರ ಕೊಟ್ಟಿತು. ಗಂಟಲೊಳಗೇ ಕುಟ್ ಕುಟ್ ಎಂದು, ತತ್ತಿ ಒಡೆಯುವ ದಿನ ತಾಯಿಕೋಳಿ ಮರಿಗಳನ್ನು ಮಾತಾಡಿಸುವ ಆ ದನಿ. ತಿಂಗಳಿನಿಂದ ಕೇಳಿರದ ದನಿ. ಕತ್ತು ಚಾಚಿ, ಬುಟ್ಟಿಯಲ್ಲಿ ಅರ್ಧ ಎದ್ದು ನಿಂತಿತು.

"ಅತ್ತಿ, ನೋಡ್ರಿ, ಕರಿಯಾಕತ್ತೈತಿ! ಈಗ ಕೊಟ್ಟಬಿಡೂಣು."

"ಆ ಮುದುಕಿ ಸಂಜಿಕೆ ಅಂದಿದ್ಲಲ್ಲ?"

"ತಾನ ಕರಿಯಾಕತ್ತೈತ್ರಿ. ಇನ್ನ ಸಂಜಿತನಕಾ ಯಾಕ ಅಳಸೂದು?"

ಮಾಯ್ ಆ ಹೊತ್ತಿಗೆ ಇಗರ್ಜಿಗೆ, ಅವರ ಚರ್ಚಿಗೆ, ಹೋಗಿದ್ದಳು, ಕೇಳಲು ಆಗಲಿಲ್ಲ. ಅತ್ತೆ ಮರಿಗಳನ್ನು ನೋಡಿದರು, ಕೋಳಿಯನ್ನು ನೋಡಿದರು, ನನ್ನನ್ನು ನೋಡಿದರು. ಹೋಗಿ ಟ್ರಂಕು ತೆರೆದು ಆ ಪೊಟ್ಟಣ ತಂದು ನನ್ನ ಕೈಗಿಟ್ಟರು.

"ಶುಕ್ರವಾರ ಐತಿ. ಬರೀ ಹಣೀಲೆ ತಾಯಿ ಮುಂದ ಬಿಡಬ್ಯಾಡ. ಹಚ್ಚು."

ಒಂದು ಹನಿ ನೀರಿನಲ್ಲಿ ಕುಂಕುಮ ಕಲಸಿ, ಐದು ಮರಿಗಳ ನೆತ್ತಿಗೂ ಒಂದೊಂದು ಬೊಟ್ಟು ಇಟ್ಟೆ. ಕೋಳಿಮರಿಗೆ ಹಣೆ ಎಲ್ಲಿ, ನೆತ್ತಿ ಎಲ್ಲಿ. ಅಂಗೈಯಲ್ಲಿ ಹಿಡಿದಾಗ ಅವುಗಳ ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಸಟವಿತಾಯಿ, ಇವುಗಳಿಗಾದರೂ ಚಲೋ ಬರಿ, ಎಂದು ಬೇಡಿಕೊಂಡೆ. ಐದು ಮರಿ, ಐದನೆಯ ದಿನದ ಕುಂಕುಮ. ಖರೇ ಹೇಳುತ್ತೇನೆ, ಆ ಗಳಿಗೆ ನನ್ನ ಎದೆ ತಣ್ಣಗಾಗಿತ್ತು.

ಕಿಟಕಿಯ ಬಿಸಿಲು ಬುಟ್ಟಿಯ ಮೇಲೆ ನೇರ ಬಿದ್ದಿತ್ತು. ಎರಡು ಮರಿಗಳನ್ನು ಅದರ ಮುಂದೆ ಬಿಟ್ಟೆ. ಅವು ಓಡಿ ಅದರ ಎದೆಯ ಹತ್ತಿರ ಹೋದವು. ಕೋಳಿ ಕುಟ್ ಕುಟ್ ಎನ್ನುವುದನ್ನು ನಿಲ್ಲಿಸಿತು. ತಲೆ ಓರೆ ಮಾಡಿ ಒಂದು ಕಣ್ಣಿನಿಂದ ಆ ಕೆಂಪು ಬೊಟ್ಟನ್ನು ನೋಡಿತು. ಆಮೇಲೆ ಕುಕ್ಕಿತು. ಮರಿ ಬಿತ್ತು. ಬಿದ್ದದ್ದರ ನೆತ್ತಿಗೇ ಮತ್ತೆ ಮತ್ತೆ ಕುಕ್ಕಿತು. ನಾನು ಕೂಗಿ ಕೈ ಚಾಚುವಷ್ಟರಲ್ಲಿ ಎರಡನೆಯದರ ಕಡೆ ತಿರುಗಿತ್ತು. ಎರಡನ್ನೂ ಕಿತ್ತುಕೊಂಡೆ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಬಿತ್ತು, ಅಂಗೈಗೂ ಕೊಕ್ಕು ತಾಕಿ ಗೀರಾಯಿತು. ಒಂದು ಮರಿ ಆಗಲೇ ಸತ್ತಿತ್ತು. ನನ್ನ ಕೈಯಲ್ಲಿ ಕುಂಕುಮ ಯಾವುದು ರಕ್ತ ಯಾವುದು ತಿಳಿಯಲಿಲ್ಲ.

"ನಾನ ಕೊಂದೆ ಅತ್ತಿ," ಅಂದೆ. "ಇದನ್ನೂ ನಾನ ಕೊಂದೆ."

ಇದನ್ನೂ ಎಂಬ ಮಾತು ಬಾಯಿಂದ ಜಾರಿದಾಗ, ತಿಂಗಳಿನಿಂದ ನನ್ನೊಳಗೆ ಕೂತಿದ್ದದ್ದು ಏನು ಎಂದು ಅತ್ತೆಗೆ ಗೊತ್ತಾಯಿತು. ನನಗೂ ಆಗಲೇ ಗೊತ್ತಾದದ್ದು. ಕೂಸು ಅಲುಗದೆ ಹೋದ ಆ ದಿನ ನಾನು ಬಟ್ಟೆ ಒಗೆದಿದ್ದೆ, ನೀರು ಹೊತ್ತಿದ್ದೆ, ನೆಲ ಸಾರಿಸಿದ್ದೆ. ಒಮ್ಮೆಯೂ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿರಲಿಲ್ಲ.

ಅತ್ತೆ ಮತ್ತೆ ಟ್ರಂಕಿನ ಹತ್ತಿರ ಹೋಗಿ, ತಳದಿಂದ ಒಂದು ಬಟ್ಟೆ ಎಳೆದರು. ಹಸಿರು ಖಣದ ಕುಂಚಿಗೆ. ಎಳೆಗೂಸಿನ ತಲೆ, ಬೆನ್ನು ಮುಚ್ಚುವಂತೆ ಹೊಲಿಯುತ್ತಾರಲ್ಲ, ಅದು. ಅಂಚಿಗೆ ಕೆಂಪು ದಾರದ ಕಸೂತಿ, ಸಣ್ಣ ಸಣ್ಣ ತೊಟ್ಟಿಲ ಚಿತ್ತಾರ. ಇಂಥದ್ದೊಂದು ಟ್ರಂಕಿನಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ತಿಂಗಳೆಲ್ಲ ನನ್ನ ಕಣ್ಣಿಗೆ ಬೀಳದಂತೆ ಅಡಗಿಸಿ ಇಟ್ಟಿದ್ದರು. ಗಾಯವಾದ ಮರಿಯನ್ನು ಅದರಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಅಗ್ಗಿಷ್ಟಿಕೆಯ ಮುಂದೆ ಕೂತರು.

"ನಾಲ್ಕ ತಿಂಗಳ ಕೂತು ಹೊಲದೇನಿ," ಅಂದರು, ನನಗಲ್ಲ, ಕೆಂಡಕ್ಕೆ ಹೇಳುವಂತೆ. "ಕಣ್ಣ ಕಾಣೂದಿಲ್ಲ. ಸೂಜಿಗೆ ದಾರಾ ಪೋಣಸಾಕ ಓಣಿ ಹುಡುಗ್ಯಾರ್ನ ಕರೀತಿದ್ದೆ." ಆಮೇಲೆ ಅವರ ಭುಜ ಅಲುಗಿತು. ದವಾಖಾನೆಯಲ್ಲಿ ಅಳದ ಅತ್ತೆ ಅಂದು ಒಂದು ಕೋಳಿಮರಿಯನ್ನು ಹಿಡಿದುಕೊಂಡು ಅತ್ತರು. ನಾನು ಹೋಗಿ ಪಕ್ಕದಲ್ಲಿ ಕೂತೆ. ನಮ್ಮಿಬ್ಬರಿಗೂ ಅಳಲು ಅಲ್ಲಿಯವರೆಗೆ ಒಂದೇ ಜಾಗ ಸಿಕ್ಕಿರಲಿಲ್ಲ.

ಮಾಯ್ ಇಗರ್ಜಿಯಿಂದ ಬಂದು ನೋಡಿ ಹಣೆ ಬಡಿದುಕೊಂಡಳು. "ಕೋಳಿಗೆ ಯಾರಾದ್ರೂ ಕೆಂಪು ತೋರಿಸ್ತಾರಾ! ಕೆಂಪು ಕಂಡ್ರೆ ಅದಕ್ಕೆ ರಕ್ತ. ರಕ್ತ ಕಂಡ್ರೆ ಕುಕ್ಕತದೆ. ನಿಮ್ಗೆ ಬುದ್ಧಿ ಇಲ್ವಾ ಇಬ್ರಿಗೂ?"

"ದೇವೀ ಕುಂಕುಮ ಐತ್ರಿ ಮಾಯ್," ಅಂದೆ.

"ದೇವಿಗೆ ಗೊತ್ತದೆ. ಕೋಳಿಗೆ ಗೊತ್ತಿಲ್ಲ."

ಅಂದವಳು ನನ್ನ ಮುಖ ನೋಡಿ ಮೆತ್ತಗಾದಳು. ತಾನೇ ಕೂತು ಉಳಿದ ಮೂರು ಮರಿಗಳ ನೆತ್ತಿಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಳು. ನನಗೆ ಎರೆಯಲು ಕಾಯಿಸಿದ್ದ ನೀರು ಅದು. ತಾಟಿನಲ್ಲಿ ನೀರು ಕೆಂಪಾಯಿತು, ತೆಳುವಾಗಿ, ಆರತಿಯ ನೀರಿನ ಹಾಗೆ. ಕೂಸನ್ನು ಮನೆ ತುಂಬಿಸಿಕೊಳ್ಳುವಾಗ ಬಾಗಿಲಲ್ಲಿ ಇಳಿತೆಗೆದು ಚೆಲ್ಲುವ ನೀರು. ಅತ್ತೆ ಆ ತಾಟನ್ನು ಎತ್ತಿಕೊಂಡು ಹೋಗಿ ಹೊಸ್ತಿಲ ಹೊರಗೆ ಬಲಕ್ಕೆ ಚೆಲ್ಲಿ ಬಂದರು.

"ಇವತ್ತು ಬೇಡ," ಅಂದಳು ಮಾಯ್. "ಕೋಳಿ ಸಿಟ್ಟಲ್ಲಿದೆ. ನಾಳೆ. ನಾನೇ ಬರ್ತೆ. ನಾನು ಬರೋ ತನಕ ನೀವಿಬ್ರೂ ಏನೂ ಪೂಜೆ ಮಾಡಬೇಡಿ."

ಗಾಯದ ಮರಿ ಮರುದಿನ ಮಧ್ಯಾಹ್ನ ಕುಂಚಿಗೆಯಲ್ಲಿಯೇ ಸತ್ತಿತು. ಅತ್ತೆ ಅದನ್ನು ಹಾಗೆಯೇ ಸುತ್ತಿ, ನಿನ್ನೆ ಸತ್ತದ್ದನ್ನೂ ಜೊತೆಗಿಟ್ಟು, ಟ್ರಂಕಿನ ಹಿಂದೆ ಮುಚ್ಚಿಟ್ಟರು. ಎಲ್ಲಿ ಒಯ್ಯಬೇಕು ಎಂದು ಇಬ್ಬರಿಗೂ ತೋಚಲಿಲ್ಲ.

ಸಂಜೆ ಮಾಯ್ ಬಂದಳು. ಬಾಗಿಲು, ಕಿಟಕಿ ಮುಚ್ಚಿದೆವು. ದೇವರ ಗೂಡಿನಲ್ಲಿ ಅತ್ತೆ ಹಚ್ಚಿದ ದೀಪವೊಂದೇ. ಕೋಳಿಯ ತಲೆ ನಮ್ಮ ಕಡೆಗಿಲ್ಲದಂತೆ ಬುಟ್ಟಿ ತಿರುಗಿಸಿದಳು. "ಈಗ ಬಾಯ್, ನೀನೇ. ಅವಸರ ಇಲ್ಲ."

ಹಿಂದಿನಿಂದ ಕೈ ಹಾಕಿದೆ. ಕಾವಿಗೆ ಕೂತ ಕೋಳಿ ತತ್ತಿಗೆ ಮೈ ತಾಗಲೆಂದು ತನ್ನ ಎದೆಯ ಗರಿಯನ್ನು ತಾನೇ ಕಿತ್ತುಕೊಂಡಿರುತ್ತದೆ. ಆ ಬರಿಯ ಚರ್ಮ ನನ್ನ ಬೆರಳಿಗೆ ತಾಕಿತು. ಸುಡುತ್ತಿತ್ತು. ಇಷ್ಟು ಕಾವು, ತಿಂಗಳಿನಿಂದ, ಕೊಳೆತ ನೀರಿಗೆ. ಒಂದು ತತ್ತಿ ತೆಗೆದು ಒಂದು ಮರಿ ಇಟ್ಟೆ. ಕೋಳಿ ಬಿಗಿಯಾಯಿತು. ಗೊರ್ ಎಂದಿತು. ಕೆಳಗಿನಿಂದ ಮರಿ ಚಿಂವ್ ಎಂದಿತು, ಹೆದರಿದ ದನಿಯಲ್ಲ, ಬೆಚ್ಚಗೆ ಒರಗಿದ ದನಿ. ಕೋಳಿ ಮೈ ಸಡಿಲಿಸಿ, ರೆಕ್ಕೆ ಸ್ವಲ್ಪ ಎತ್ತಿ, ಮತ್ತೆ ಇಳಿಸಿತು.

ಎರಡನೆಯದು. ಮೂರನೆಯದು. ಎಂಟೂ ತತ್ತಿಗಳು ಹೊರಗೆ ಬಂದವು. ಕತ್ತಲಲ್ಲಿ ಕುಟ್ ಕುಟ್ ಎಂಬ ಆ ದನಿ ಶುರುವಾಯಿತು, ನಿಲ್ಲಲಿಲ್ಲ.

"ಆಯ್ತು," ಅಂದಳು ಮಾಯ್, ಪಿಸುಮಾತಿನಲ್ಲಿ. ನನ್ನ ಕೈ ಹಿಡಿದು ಹೊರಗೆಳೆದಳು. ಕೈಗೆ ಅದರ ಕಾವು ಇನ್ನೂ ಅಂಟಿತ್ತು. ಎದೆಗೆ ಒತ್ತಿಕೊಂಡು ಕೂತೆ.

ಬೆಳಿಗ್ಗೆ ಎದ್ದಾಗ ಅದರ ರೆಕ್ಕೆಯ ಸಂದಿಯಿಂದ ಒಂದು ಹಳದಿ ತಲೆ ಇಣುಕುತ್ತಿತ್ತು. ಕೋಳಿ ತಲೆ ಓರೆ ಮಾಡಿ ಅದನ್ನು ನೋಡಿತು. ನಾನು ಕೈ ಚಾಚಿದೆ. ಕೋಳಿ ಕೊಕ್ಕಿನ ತುದಿಯಿಂದ ಅದರ ನೆತ್ತಿಯ ಮೇಲಿದ್ದ ಹುಲ್ಲಿನ ಎಳೆಯೊಂದನ್ನು ಎತ್ತಿ ಬದಿಗೆ ಹಾಕಿತು, ಅಷ್ಟೇ. ಆಮೇಲೆ ಎದ್ದಿತು. ಕಾಲು ನಡುಗುತ್ತಿದ್ದವು. ಬುಟ್ಟಿಯಿಂದ ಇಳಿದು, ಮೂರೂ ಮರಿಗಳನ್ನು ಹಿಂದೆ ಕಟ್ಟಿಕೊಂಡು ಹೊಸ್ತಿಲು ದಾಟಿತು. ಅತ್ತೆ ಚೆಲ್ಲಿದ ಜೋಳದ ನುಚ್ಚನ್ನು ಮೊದಲು ಮರಿಗಳಿಗೆ ತೋರಿಸಿ ತೋರಿಸಿ ಕುಕ್ಕಿ ಕೆಳಗೆ ಬಿಟ್ಟಿತು. ಅವು ತಿಂದ ಮೇಲೆ ತಾನೂ ತಿಂದಿತು.

ನನಗೆ ಬೇಕಾಗಿದ್ದದ್ದು ಅಷ್ಟೇ ಎಂದಿದ್ದೆನಲ್ಲ. ದೇವರು ಅದನ್ನು ಕೊಟ್ಟ. ಕೊಟ್ಟ ಮೇಲೆ ನನಗೆ ಗೊತ್ತಾಯಿತು, ಬೇಕಾಗಿದ್ದದ್ದು ಅದಷ್ಟೇ ಆಗಿರಲಿಲ್ಲ. ಮಂಚದ ಕೆಳಗಿನ ಬುಟ್ಟಿ ಖಾಲಿಯಾಗಿತ್ತು. ಕೋಣೆಯಲ್ಲಿ ಕಾವಿಗೆ ಕೂತವಳು ಈಗ ನಾನೊಬ್ಬಳೇ.

ಅಂದು ಭಾನುವಾರ, ಮನೆಯವರು ಮನೆಯಲ್ಲಿಯೇ ಇದ್ದರು. ಅತ್ತೆ ಕುಂಚಿಗೆಯ ಗಂಟನ್ನು ತಂದು, ಎಂಟು ತತ್ತಿಗಳನ್ನೂ ಅದರೊಳಗಿಟ್ಟು ಕಟ್ಟಿದರು. "ಕಸದಾಗ ಒಗಿಬ್ಯಾಡೋ," ಅಂದರು ಮಗನಿಗೆ.

"ಇಲ್ಲ ಬೇ. ಎಲ್ಲ್ಯರ ಮಣ್ಣಾಗ ಇಟ್ಟ ಬರತೇನಿ."

"ಎಲ್ಲ್ಯರ ಅಲ್ಲರಿ," ಅಂದೆ ನಾನು. ನನ್ನ ದನಿ ನನಗೇ ಅಪರಿಚಿತ ಎನಿಸಿತು. "ಅಕೀನ್ನ ಎಲ್ಲಿಟ್ಟೀರಿ ಅಲ್ಲೇ ಇಡ್ರಿ. ನಾನೂ ಬರತೇನಿ."

ಅವರು ತಮ್ಮ ಅವ್ವನ ಮುಖ ನೋಡಿದರು. ಬಾಣಂತಿ ನಲವತ್ತು ದಿನ ಹೊಸ್ತಿಲು ದಾಟಬಾರದು. ನನಗೆ ಇನ್ನೂ ಐದಾರು ದಿನ ಬಾಕಿ ಇತ್ತು. ಅತ್ತೆ ನನ್ನ ಹತ್ತಿರ ಬಂದು, ತಲೆಯ ಬಟ್ಟೆಯನ್ನು ಬಿಚ್ಚಿ, ಕಿವಿಗೆ ಹೊಸ ಹತ್ತಿ ಇಟ್ಟು, ಮತ್ತೆ ಬಿಗಿಯಾಗಿ ಕಟ್ಟಿದರು.

"ಗಾಳಿ ಭಾಳ ಐತಿ. ಲಗೂನ ಬಾ."

ದೂರವೇನಿರಲಿಲ್ಲ. ಗುಡ್ಡದ ಹಿಂಬದಿಯ ಇಳಿಜಾರು, ಒಂದು ಗೇರು ಮರ, ಎಲೆಗಳ ಮೇಲೆ ಅದೇ ಕಪ್ಪು ಪುಡಿ. ಕೆಳಗೆ ಸಮುದ್ರ. ಮರದ ಬುಡದಲ್ಲಿ ಮೂರು ಕೆಂಪು ಕಲ್ಲು ಒತ್ತಾಗಿ ಇಟ್ಟಿದ್ದರು, ನಾಯಿ ಕೆದರಬಾರದು ಎಂದು. ಅವುಗಳ ಮೇಲೆ ಪುಡಿ ಇರಲಿಲ್ಲ. ಯಾರೋ ಒರೆಸಿದ್ದರು. ನಾನು ಅವರ ಮುಖ ನೋಡಿದೆ.

"ಕೆಲಸಕ್ಕ ಹೋಗುವಾಗ ಇತ್ಲಾಗ ಬಂದ ಹೋಗತೇನಿ," ಅಂದರು.

ತಿಂಗಳೆಲ್ಲ, ದಿನವೂ. ನನಗೆ ಹೇಳದೆ.

ಪಕ್ಕದಲ್ಲಿ ಅಗೆದು ಕುಂಚಿಗೆಯನ್ನು ಇಟ್ಟರು. ಹಸಿರು ಖಣ ಕೆಂಪು ಮಣ್ಣಿನ ಕೆಳಗೆ ಮರೆಯಾಗುವವರೆಗೆ ನೋಡಿದೆ. ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಮಣ್ಣು ಮುಚ್ಚಿದ ಮೇಲೆ ಕಲ್ಲುಗಳ ಹತ್ತಿರ ಕುಳಿತು ಕೇಳಿದೆ.

"ಹೆಂಗಿದ್ಲರಿ?"

ಅವರು ಕೈಗಳನ್ನು ಒಂದಕ್ಕೊಂದು ತಿಕ್ಕಿ ಮಣ್ಣು ಉದುರಿಸಿದರು.

"ಕೂದಲಾ ಭಾಳ ಇದ್ವು," ಅಂದರು. "ನಿನ್ನಂಗ. ಗುಂಗರ ಗುಂಗರ."

ಅಷ್ಟೇ ಹೇಳಿದರು. ನಾನೂ ಅಷ್ಟೇ ಕೇಳಿದೆ.

ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ಆಮೇಲೆ ನನಗೆ ಬಸಿರು ನಿಲ್ಲಲಿಲ್ಲ. ಕರಿ ಹೇಂಟೆ ಹೋದ ಮಳೆಗಾಲದಲ್ಲಿ ಮುಪ್ಪಾಗಿ ಸತ್ತಿತು. ಆ ಮೂರರಲ್ಲಿ ಒಂದು ಈಗ ಅದೇ ಬುಟ್ಟಿಯಲ್ಲಿ ಕೂರುತ್ತದೆ. ನಾನು ಈಗಲೂ ಸಂಜೆ ದೀಪ ಹಚ್ಚಿ ಗಣ್ಣಿನ ಮೇಲೆ ಎಣಿಸುತ್ತೇನೆ. ನಳದಲ್ಲಿ ನೀರು ಬಂತು. ಮನೆಯವರು ತಿರುಗಿ ಬಂದರು. ಕೆಲವು ಸಂಜೆ ಇಷ್ಟಕ್ಕೇ ಎಣಿಕೆ ಮುಗಿದು ಬೆರಳು ಖಾಲಿ ಉಳಿಯುತ್ತದೆ. ಅಂಥ ದಿನ ಹೆಬ್ಬೆರಳನ್ನು ಮುಂದಿನ ಗಣ್ಣಿನ ಮೇಲೆ ಇಟ್ಟು, ಅವಳಿಗೆ ಕೂದಲು ಬಹಳ ಇತ್ತು, ಎನ್ನುತ್ತೇನೆ.